ಬೆಟ್ಟಕ್ಕೆ ಮತ್ತೆ ಬೆಂಕಿ: ನಮ್ಮೂರು ಹಿನ್ನೀರು ಗುಂಪು

ಗದ್ದೆಮನೆ, 5:48
ರಾತ್ರಿ ಮೂರರ ತನಕ ಹಸಿ ಸೊಪ್ಪು ಹಿಡ್ಕೊಂಡು ಬೆಂಕಿ ಬಡಿದು ಈಗ ಮನೆಗೆ ಬಂದೆ. ಗುಂಪಲ್ಲಿ ಇಷ್ಟು ಜನ ಇದ್ದೀರಿ, ಫೋನ್ ಎತ್ತಿದ್ದು ಐದು ಜನ! ದರಗೆಲೆ ಒಣಗಿ ಹಪ್ಪಳ ಆಗಿದೆ. ಇನ್ನೊಂಚೂರು ಗಾಳಿ ಎದ್ದಿದ್ರೆ ಕೆಳಮನೆ ತೋಟಕ್ಕೇ ಇಳೀತಿತ್ತು. ದಂಡೆ ಮೇಲೆ ಯಾವ ಕಾರಿತ್ತು ಎಲ್ಲರಿಗೂ ಗೊತ್ತು. ಜಾಗ ತೋರಿಸಿದ್ದು ಯಾರು ಅಂತಾನೂ ಗೊತ್ತು.

ಕೆಳಮನೆ, 5:55
ದೊಡ್ಡ ಉಪಕಾರ ಆಯ್ತು ಅಣ್ಣ. ನೀರು ಹಾಯಿಸೋಣ ಅಂತ ಓಡಿದ್ರೆ ಕರೆಂಟಿಲ್ಲ. ಲಿಂಗನಮಕ್ಕಿ ನೀರಲ್ಲಿ ಊರಿಗೆಲ್ಲ ದೀಪ, ನಮ್ಮ ಪಂಪಿಗೆ ಮಾತ್ರ ಇಲ್ಲ.

ಮೇಲಿನಮನೆ, 6:02
ಎಲ್ಲಾ ಈ ಸಿಗಂದೂರು ಸೇತುವೆಯಿಂದ. ನಾನು ಆಗ್ಲೇ ಹೇಳಿದ್ದೆ. ಮೊದಲು ಸಂಜೆ ಲಾಂಚ್ ನಿಂತ್ರೆ ಹೊರಗಿನವರು ಆಚೆ ದಡ, ನಾವು ಈಚೆ ದಡ. 2025ರ ಜುಲೈಲಿ ಸೇತುವೆ ತೆರೆದ್ಮೇಲೆ ಹಗಲಿಲ್ಲ, ರಾತ್ರಿಯಿಲ್ಲ.

ಬಾವಿಕಟ್ಟೆ, 6:04
ಮಾವ, ನಿಮಗೆ ಎದೆನೋವು ಬಂದಾಗ ರಾತ್ರಿ ಹನ್ನೊಂದಕ್ಕೆ ಸಾಗರಕ್ಕೆ ಹೋಗಿದ್ದು ಯಾವ ಲಾಂಚಲ್ಲಿ?

ಮೇಲಿನಮನೆ, 6:05
ಅದು ಬೇರೆ ವಿಷಯ.

ಮೇಲಿನಮನೆ, 6:09
ಮಾತಾಡೋದಾದ್ರೆ ಮುಳುಗಡೆಯಿಂದ ಶುರು ಮಾಡಿ. 1964ರಲ್ಲಿ ಅಣೆಕಟ್ಟು ಆಯ್ತು, ಗದ್ದೆ ಹೋಯ್ತು, ಹಕ್ಕುಪತ್ರ ಇವತ್ತಿಗೂ ಇಲ್ಲ. ಹಕ್ಕಿಲ್ಲದ ಜಾಗದ ಬೆಂಕಿ ನಾವ್ಯಾಕೆ ಆರಿಸ್ಬೇಕು?

ಗದ್ದೆಮನೆ, 6:10
ಸುಡ್ತಾ ಇದ್ದಿದ್ದು ನಿಮ್ಮ ಸೊಪ್ಪಿನ ಬೆಟ್ಟ, ಮಾವ.

ಅಂಗಡಿ, 6:15
🌹 ಶುಭೋದಯ. ತಾಳ್ಮೆಯೇ ದೊಡ್ಡ ಸಂಪತ್ತು. ಹತ್ತು ಜನರಿಗೆ ಕಳಿಸಿ 🌹

ಹೊಳೆಬದಿ, 6:31
ನಮ್ಮ ಹೋಂಸ್ಟೇಲಿ ಇದ್ದೋರು ಹತ್ತೂವರೆಗೇ ಮಲಗಿದಾರೆ, ಕ್ಯಾಮೆರಾ ಇದೆ, ಬಂದು ನೋಡಿ. ಈಗ ನೀರು ಇಳಿದು ದಂಡೆ ಬಿಟ್ಕೊಂಡಿದೆ, ಯಾರು ಬೇಕಾದ್ರೂ ಕಾರು ಇಳಿಸ್ತಾರೆ. ಹೊಸ ಹುಲ್ಲು ಬರ್ಲಿ ಅಂತ ಬೆಂಕಿ ಕೊಡೋರು ಯಾರು, ಅದನ್ನೂ ಕೇಳಿ.

ಬಾವಿಕಟ್ಟೆ, 6:32
ಹೆಸರು ಹೇಳಿ.

ಹೊಳೆಬದಿ, 6:33
ಯಾರ ಕೊಟ್ಟಿಗೇಲಿ ದನ ಜಾಸ್ತಿ ಇದೆ ಎಣಿಸ್ಕೊಳಿ.

ಮೇಲಿನಮನೆ, 6:33
ಈ ಸಂದೇಶವನ್ನು ಅಳಿಸಲಾಗಿದೆ

ಬೆಂಗಳೂರು ತಮ್ಮ, 7:20
ಒಂದು ಡ್ರೋನ್ ತಗೊಂಡ್ರೆ ಆಯ್ತಲ್ಲ? ಲಿಂಕ್ ಕಳಿಸ್ಲಾ?

ಗದ್ದೆಮನೆ, 7:22
ಡ್ರೋನ್ ಬೇಡ, ಕತ್ತಿ ಹಿಡ್ಕೊಂಡು ನೀನೇ ಬಾ. ಎಲ್ರೂ ಕೇಳಿ. ಭಾನುವಾರ ಏಳಕ್ಕೆ ಶಾಲೆ ಹತ್ರ. ರಸ್ತೆಯಿಂದ ದಂಡೆ ತನಕ ದರಗು ಗುಡಿಸಿ, ಪೊದೆ ಸವರಿ ಫೈರ್ ಲೈನ್ ಮಾಡೋದು. ಫಾರೆಸ್ಟ್ ಗಾರ್ಡ್ ಬರ್ತೀನಿ ಅಂದಿದಾರೆ, ಅವರಿಗಿರೋದೇ ಇಬ್ಬರು ವಾಚರ್. ಮನೆಗೊಬ್ಬರು ಬನ್ನಿ.

ಕೆಳಮನೆ, 7:23
✋

ಬಾವಿಕಟ್ಟೆ, 7:30
ಆವಿನಹಳ್ಳೀಲಿ ಮದುವೆ ಇದೆ ಅಣ್ಣ.

ಮೇಲಿನಮನೆ, 7:34
ಅಡಿಕೆ ಕೊಯ್ಯೋ ಕೊನೆಗೌಡ ಸಿಗೋದೇ ಭಾನುವಾರ. ಕಡೇ ಕೊಯ್ಲು.

ಅಂಗಡಿ, 7:40
ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗ್ಬೇಕಿತ್ತು. ಈ ಸಲ ಬೆಂಕಿ ಕಾಯಿಸ್ಕೊಂಡು ಮೊದಲೇ ಹೊರಡ್ತು 😂

ಆಶಾ ಅಕ್ಕ, 9:12
ಆ ಲೈನ್ ಮಾಡೋ ಜಾಗದಲ್ಲೇ, ಹಲಸಿನ ಮರದ ಬುಡಕ್ಕೆ ಮಂಗ ಸತ್ತು ಬಿದ್ದಿದೆ. ಯಾರೂ ಹತ್ರ ಹೋಗ್ಬೇಡಿ, ಮುಟ್ಬೇಡಿ.

ಕೆಳಮನೆ, 9:13
ಬೆಂಕಿಗೆ ಸತ್ತಿದ್ದಾ?

ಆಶಾ ಅಕ್ಕ, 9:15
ಮೈ ಸುಟ್ಟಿಲ್ಲ. ಮಂಗನ ಕಾಯಿಲೆ ಇರಬಹುದು. ಮಂಗ ಸತ್ತ ಮೇಲೆ ಉಣುಗು ಮೈ ಬಿಟ್ಟು ದರಗಿಗೆ ಇಳಿಯತ್ತೆ, ಅಲ್ಲಿಂದ ನಮ್ಮ ಕಾಲಿಗೆ. ಡಾಕ್ಟ್ರಿಗೆ ಹೇಳಿದೀನಿ, ಬಂದು ಸ್ಯಾಂಪಲ್ ತಗೊಂಡು ಸುತ್ತ ಪುಡಿ ಹೊಡೀತಾರೆ. ಅಲ್ಲೀವರೆಗೆ ದರಗು ತರೋಕೆ ಯಾರೂ ಬೆಟ್ಟ ಹತ್ಬೇಡಿ. ರಾತ್ರಿ ಬೆಂಕಿಗೆ ಹೋದೋರು ಬಿಸಿ ನೀರಲ್ಲಿ ಸ್ನಾನ ಮಾಡಿ, ಬಟ್ಟೆ ಕುದಿಸಿ. ಜ್ವರ, ತಲೆನೋವು ಬಂದ್ರೆ ಅವತ್ತೇ ಹೇಳಿ.

ಮೇಲಿನಮನೆ, 9:20
1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಂಡಿದ್ದು, ಇನ್ನೂ ಸರಿಯಾಗಿ ಒಂದು ಔಷಧ ಇಲ್ಲ. ಇದ್ದ ಲಸಿಕೆನೂ ನಿಲ್ಲಿಸಿದ್ರು.

ಬಾವಿಕಟ್ಟೆ, 9:22
ಅದು ಹಿಡೀತಿರ್ಲಿಲ್ಲ ಅಂತಾನೇ 2022ರಲ್ಲಿ ನಿಲ್ಲಿಸಿದ್ದು ಮಾವ. ಅರಳಗೋಡಲ್ಲಿ ಇದೇ ಕಾಯಿಲೆಗೆ ಜನ ಸತ್ತದ್ದು ಮರೆತ್ರಾ?

ಅಂಗಡಿ, 9:41
ಉಣುಗು ಹತ್ತದಂಗೆ ಮೈಗೆ ಹಚ್ಕೊಳ್ಳೋ ‘ದೀಪಾ’ ಎಣ್ಣೆ ಬಾಟ್ಲಿ ನಮ್ಮಲ್ಲಿ ತಂದಿಟ್ಟಿದಾರೆ, ದುಡ್ಡಿಲ್ಲ. ಮನೆಗೆ ಎಷ್ಟು ಬೇಕು ಬರೀರಿ.

ಕೆಳಮನೆ, 9:42
ಮೂರು.

ಬಾವಿಕಟ್ಟೆ, 9:42
ನಾಲ್ಕು. ಮದುವೆಗೆ ಬಂದ ನೆಂಟರೂ ಇದಾರೆ.

ಗದ್ದೆಮನೆ, 9:50
ಹಾಗಾದ್ರೆ ಭಾನುವಾರದ್ದು?

ಆಶಾ ಅಕ್ಕ, 10:05
ದನಕ್ಕೂ ಉಣುಗಿನ ಇಂಜೆಕ್ಷನ್ ಹಾಕಿಸ್ಬೇಕು. ಯಾರ ಮನೇಲಿ ಎಷ್ಟು ದನ ಇದೆ ಹೇಳಿ.

ಹೊಳೆಬದಿ, 10:06
ಈಗ ಎಣಿಸ್ತೀರಾ? 😂

ಮೇಲಿನಮನೆ, 10:31
ಹನ್ನೊಂದು. ಕರು ಬಿಟ್ಟು.