ಉಕ್ಕಿನಲ್ಲಿ ಗೆದ್ದ ಎಂಡ್‌ಮಿಲ್ ಅಲ್ಯೂಮಿನಿಯಂನಲ್ಲಿ ಏಕೆ ಸೋತಿತು?

ಪ್ರಶ್ನೆ: ಪೀಣ್ಯದಲ್ಲಿ ಎರಡು ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಲಂಬ ಮಿಲ್ಲಿಂಗ್) ಯಂತ್ರಗಳಿರುವ ಚಿಕ್ಕ ಘಟಕ ನಮ್ಮದು. ನೇರಳೆಗಪ್ಪು ಲೇಪನದ 10 ಮಿ.ಮೀ. ಕಾರ್ಬೈಡ್ ಎಂಡ್‌ಮಿಲ್‌ನಿಂದ (ತಿರುಗುತ್ತ ಲೋಹ ಕತ್ತರಿಸುವ ಹಲ್ಲುಳ್ಳ ಟೂಲ್) ಇಎನ್24 ದರ್ಜೆಯ ಉಕ್ಕಿನ ಕೆಲಸ ಚೆನ್ನಾಗಿ ನಡೆಯುತ್ತಿತ್ತು. ಹೋದ ವಾರ ಅದೇ ಬಗೆಯ ಹೊಸ ಟೂಲನ್ನು 6061 ಅಲ್ಯೂಮಿನಿಯಂಗೆ ಹಾಕಿದೆವು. ಅರ್ಧ ಗಂಟೆಯೊಳಗೆ ಅಂಚಿಗೆ ಲೋಹ ಮೆತ್ತಿಕೊಂಡಿತು, ಕೊನೆಗೆ ಟೂಲ್ ಮುರಿಯಿತು. ಲೇಪನ ಕಳಪೆಯೇ ಸರ್?

ಉತ್ತರ: ಲೇಪನದ ತಪ್ಪಲ್ಲ, ಅದನ್ನು ಹಾಕಿದ ಜಾಗ ತಪ್ಪು. ಆ ಬಣ್ಣ ಸಾಮಾನ್ಯವಾಗಿ ಟೈಟೇನಿಯಂ ಅಲ್ಯೂಮಿನಿಯಂ ನೈಟ್ರೈಡ್‌ನದು. ಉಕ್ಕನ್ನು ಕತ್ತರಿಸುವಾಗ ಅಂಚು ಕಾಯುತ್ತದೆ. ಲೇಪನದಲ್ಲಿರುವ ಅಲ್ಯೂಮಿನಿಯಂ ಆಮ್ಲಜನಕದೊಡನೆ ಸೇರಿ ತೆಳುವಾದ ಅಲ್ಯೂಮಿನಾ ಪೊರೆ ಕಟ್ಟುತ್ತದೆ. ಆ ಪೊರೆಯ ಆಸರೆಯಿಂದಲೇ ಅದು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಚಿನ್ನದ ಬಣ್ಣದ ಟೈಟೇನಿಯಂ ನೈಟ್ರೈಡ್‌ಗೆ ಅಷ್ಟು ತಾಳಿಕೆ ಇಲ್ಲ.

ಆದರೆ 6061 ಮಿಶ್ರಲೋಹ 650 ಡಿಗ್ರಿಯ ಹೊತ್ತಿಗೆ ಪೂರ್ತಿ ಕರಗಿಬಿಡುತ್ತದೆ. ಅಲ್ಲಿ ಶಾಖ ತಾಳುವ ಗುಣಕ್ಕೆ ಕೆಲಸವೇ ಇಲ್ಲ; ಅಂಟದಿರುವ ಗುಣ ಬೇಕು. ಅಲ್ಯೂಮಿನಿಯಂ ಇರುವ ಲೇಪನಕ್ಕೆ ಅಲ್ಯೂಮಿನಿಯಂ ಬೇಗ ಮೆತ್ತುತ್ತದೆ. ಮೆತ್ತಿದ್ದು ಫ್ಲೂಟ್‌ನಲ್ಲಿ, ಅಂದರೆ ಟೂಲ್‌ನ ಸುರುಳಿ ತೋಡಿನಲ್ಲಿ, ತುಂಬಿದರೆ ಚಿಪ್ (ಕತ್ತರಿಸಿದ ಲೋಹದ ಚೂರು) ಹೊರಬರಲು ದಾರಿಯಿಲ್ಲದೆ ಟೂಲ್ ಮುರಿಯುತ್ತದೆ. ಲೇಪನದ ದಪ್ಪ 2ರಿಂದ 4 ಮೈಕ್ರಾನ್ ಮಾತ್ರ. ಅಷ್ಟರಿಂದಲೂ ಅಂಚು ತುಸು ದುಂಡಗಾಗುತ್ತದೆ. ಮೆದು ಲೋಹಕ್ಕೆ ಬೇಕಾದದ್ದು ಹರಿತವಾದ ಅಂಚು.

ಲೇಪನವೇ ಇಲ್ಲದ, ಫ್ಲೂಟ್‌ಗೆ ಪಾಲಿಶ್ ಮಾಡಿದ, ಎರಡು ಅಥವಾ ಮೂರು ಫ್ಲೂಟ್‌ನ ಕಾರ್ಬೈಡ್ ಎಂಡ್‌ಮಿಲ್ ಕೊಳ್ಳಿ, ಕೂಲೆಂಟ್ (ತಣಿಸುವ ದ್ರವ) ಧಾರಾಳವಾಗಿ ಹರಿಸಿ. ಆರ್ಡರ್ ದೊಡ್ಡದಿದ್ದರೆ ವಜ್ರದಂಥ ಇಂಗಾಲದ ಲೇಪನ, ಅಂದರೆ ಡಿಎಲ್‌ಸಿ, ಕೇಳಿ. ಸಿಲಿಕಾನ್ ಹೆಚ್ಚಿರುವ ಎರಕದ ಅಲ್ಯೂಮಿನಿಯಂ ಬೇರೆಯೇ ಸಂಗತಿ: ಸಿಲಿಕಾನ್ ಕಣಗಳು ಅಂಚನ್ನು ಸವೆಸುತ್ತವೆ, ಅದಕ್ಕೆ ವಜ್ರದ ಟೂಲೇ ಸರಿ.

ಪ್ರಶ್ನೆ: ಹಾಗಾದರೆ ಉಕ್ಕಿಗೂ ಕೂಲೆಂಟ್ ಹೆಚ್ಚಿಸಬೇಕೇ?

ಉತ್ತರ: ಬೇಡ. ಮಿಲ್ಲಿಂಗ್‌ನಲ್ಲಿ ಪ್ರತಿ ಹಲ್ಲೂ ಲೋಹದೊಳಗೆ ಇಳಿದಾಗ ಕಾದು, ಹೊರಬಂದಾಗ ತಣಿಯುತ್ತದೆ. ಆಗ ಮೇಲೆ ಕೂಲೆಂಟ್ ಬಿದ್ದರೆ ಕಾರ್ಬೈಡ್ ಅಂಚಿನಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ನಿಮ್ಮ ನೇರಳೆಗಪ್ಪು ಟೂಲ್‌ಗೆ ಉಕ್ಕಿನ ಮೇಲೆ ಜೋರಾದ ಗಾಳಿ ಸಾಕು, ಚಿಪ್ ಹಾರಿಹೋದರಾಯಿತು. ಕೂಲೆಂಟ್ ಬಿಟ್ಟುಬಿಟ್ಟು ಚಿಮುಕಿಸುವ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸಿ. ಎಷ್ಟೋ ಒಳ್ಳೆಯ ಟೂಲ್‌ಗಳು ಹೀಗೆ ಹಾಳಾಗುವುದನ್ನು ಕಂಡು ಸಂಕಟಪಟ್ಟಿದ್ದೇನೆ.

ಇನ್ನೊಬ್ಬರ ಪ್ರಶ್ನೆ: ಚಿನ್ನದ ಬಣ್ಣದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್‌ಗೆ ಸಾಣೆ ಹಿಡಿದರೆ ಲೇಪನ ಹೋಯಿತಲ್ಲವೇ? ಮತ್ತೆ ಹಾಕಿಸಲು ಕುಲುಮೆಯಲ್ಲಿ ಕಾಯಿಸಿದರೆ ಡ್ರಿಲ್ ಮೆತ್ತಗಾಗುವುದಿಲ್ಲವೇ?

ಉತ್ತರ: ಸಾಣೆಯಲ್ಲಿ ತುದಿಯ ಲೇಪನವಷ್ಟೇ ಹೋಗುತ್ತದೆ. ಚಿಪ್ ಉಜ್ಜಿಕೊಂಡು ಏರುವ ಫ್ಲೂಟ್‌ನಲ್ಲಿ ಅದು ಉಳಿದಿರುವುದರಿಂದ ಲಾಭ ಪೂರ್ತಿ ಕೈಬಿಡುವುದಿಲ್ಲ. ಮರುಲೇಪನ ಪಿವಿಡಿ (ಲೋಹದ ಆವಿಯಿಂದ ಲೇಪಿಸುವ) ವಿಧಾನದಲ್ಲೇ ಆಗಬೇಕು. ನಿರ್ವಾತ ಕೋಣೆಯಲ್ಲಿ, ಸಾಮಾನ್ಯವಾಗಿ 500 ಡಿಗ್ರಿ ಮೀರದಂತೆ ನಡೆಯುವ ಕೆಲಸ ಅದು. ಎಚ್‌ಎಸ್‌ಎಸ್‌ನ ಗಡಸುತನ ಕೆಡುವುದಿಲ್ಲ. ಅನಿಲಗಳ ರಾಸಾಯನಿಕ ಕ್ರಿಯೆಯಿಂದ ಲೇಪಿಸುವ ಸಿವಿಡಿಗೆ ಸುಮಾರು 1000 ಡಿಗ್ರಿ ಬೇಕು, ಅದು ಕಾರ್ಬೈಡ್ ಇನ್ಸರ್ಟ್‌ಗಳಿಗೆ (ಬದಲಿಸಬಹುದಾದ ಕತ್ತರಿಸುವ ತುಣುಕುಗಳಿಗೆ) ಹೊಂದುತ್ತದೆ. ಕಳಿಸುವ ಮುನ್ನ ಸಾಣೆಯ ಬರ್ (ಅಂಚಿನಲ್ಲಿ ಉಳಿಯುವ ಲೋಹದ ಸಿಬಿರು) ತೆಗೆದು, ಎಣ್ಣೆ ಒರೆಸಿ, ತುಕ್ಕು ಹಿಡಿಯದಂತೆ ಸುತ್ತಿ. ಬರ್ ಮೇಲೆ ಕುಳಿತ ಲೇಪನ ಮೊದಲ ರಂಧ್ರದಲ್ಲೇ ಬರ್ ಜತೆಗೆ ಕಿತ್ತುಬರುತ್ತದೆ.