ಆನಂದಪುರ ಕಡೆಯ ಇಳಿಜಾರು ಜಮೀನಿನಲ್ಲಿ ಬಡಾವಣೆ: ಒಂದೇ ಬೋರ್‌ಹೋಲಿನ ಮಣ್ಣು ವರದಿ ಸಾಕೇ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ–ಸಾಗರ ರಸ್ತೆಯಲ್ಲಿ ಆನಂದಪುರದ ಸಮೀಪ ನಮ್ಮ ಕುಟುಂಬಕ್ಕೆ ಸುಮಾರು ಐದು ಎಕರೆ ಜಮೀನಿದೆ. ಮೇಲಿನ ಮೂರು ಎಕರೆ ಖುಷ್ಕಿ. ಕೆಳಗಿನ ಎರಡು ಎಕರೆ ಹಿಂದೆ ಗದ್ದೆಯಾಗಿತ್ತು, ಈಗ ಬೇಸಾಯವಿಲ್ಲದೆ ಪಾಳು ಬಿದ್ದಿದೆ. ಮೇಲಿನ ಬೇಲಿಗೂ ಕೆಳಗಿನ ಬೇಲಿಗೂ ಹದಿನೈದು ಮೀಟರಿನಷ್ಟು ಎತ್ತರದ ವ್ಯತ್ಯಾಸವಿದೆ. ಭೂಪರಿವರ್ತನೆಯ ಕೆಲಸ ಮುಗಿದಿದ್ದು, ಅಣ್ಣತಮ್ಮಂದಿರೆಲ್ಲ ಸೇರಿ ಮನೆ ನಿವೇಶನಗಳ ಬಡಾವಣೆ ಮಾಡಬೇಕೆಂದಿದ್ದೇವೆ.

ನಕ್ಷೆ ತಯಾರಿಸುತ್ತಿರುವವರ ಸಲಹೆಯಂತೆ ಜಾಗದ ಮೇಲ್ಭಾಗದಲ್ಲಿ ಮಣ್ಣಿನ ಪರೀಕ್ಷೆಗೆಂದು ಒಂದು ಬೋರ್‌ಹೋಲ್ ಕೊರೆಸಿದೆವು. ಒಂದೂವರೆ ಮೀಟರಿಗೆ ಜಂಬಿಟ್ಟಿಗೆ (ಲ್ಯಾಟರೈಟ್ ಕಲ್ಲು) ಸಿಕ್ಕಿತು, ಮುಂದೆ ಪರೀಕ್ಷೆಯ ಕೊಳವೆ ಸುತ್ತಿಗೆಯ ಪೆಟ್ಟಿಗೆ ಇಳಿಯಲಿಲ್ಲ. ಎರಡು ಮೀಟರಿಗೆ ಕೆಲಸ ನಿಲ್ಲಿಸಿ, ಚದರ ಮೀಟರಿಗೆ 25 ಟನ್ ಭಾರ ಹೊರುವ ನೆಲ ಎಂದು ವರದಿ ಕೊಟ್ಟಿದ್ದಾರೆ. ಉಳಿದದ್ದನ್ನು ನಿವೇಶನ ಕೊಂಡವರು ಮನೆ ಕಟ್ಟುವಾಗ ನೋಡಿಕೊಳ್ಳಲಿ ಎಂಬುದು ಅವರ ಅಭಿಪ್ರಾಯ. ನಮ್ಮ ಚಿಕ್ಕಪ್ಪನವರಿಗೆ ಮಾತ್ರ ಇದು ಒಪ್ಪಿಗೆಯಾಗಿಲ್ಲ. ಪಕ್ಕದ ಹಳ್ಳಿಯಲ್ಲಿ ಕಲ್ಲಿನಂಥ ನೆಲದ ಮೇಲೆ ಕಟ್ಟಿದ ಮನೆಯೊಂದರ ಹಿಂದಿನ ಧರೆ (ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ) ಮಳೆಗಾಲದಲ್ಲಿ ಕುಸಿದದ್ದನ್ನು ಅವರು ಕಂಡಿದ್ದಾರೆ. ಐದು ಎಕರೆಗೆ ಎಷ್ಟು ಕಡೆ, ಎಷ್ಟು ಆಳ, ಯಾವ ಕಾಲದಲ್ಲಿ ಮಣ್ಣು ಪರೀಕ್ಷೆ ಮಾಡಿಸಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಮಣ್ಣಿನ ಎಂಜಿನಿಯರ್, ಸಾಗರ

ತಮ್ಮ ಚಿಕ್ಕಪ್ಪನವರ ಅನುಮಾನ ಸರಿಯಾಗಿದೆ. ನಮ್ಮ ಭಾಗದಲ್ಲಿ ಜಂಬಿಟ್ಟಿಗೆ ಸಿಕ್ಕ ಕೂಡಲೇ ಕೊರೆತ ನಿಲ್ಲಿಸುವುದು ತನಿಖೆಯನ್ನು ಅರ್ಧಕ್ಕೆ ಬಿಟ್ಟಂತೆ.

ಸಾಮಾನ್ಯವಾಗಿ ಬಯಲುಸೀಮೆಯಲ್ಲಿ ಆಳಕ್ಕೆ ಹೋದಂತೆ ನೆಲ ಗಟ್ಟಿಯಾಗುತ್ತದೆ ಎಂದು ನಂಬಿ ನಡೆಯಬಹುದು. ಮಲೆನಾಡಿನಲ್ಲಿ ಆ ನಂಬಿಕೆ ಹಲವು ಕಡೆ ತಲೆಕೆಳಗಾಗುತ್ತದೆ. ಲಕ್ಷಾಂತರ ವರ್ಷ ಬಿದ್ದ ಮಳೆ ಬಂಡೆಯನ್ನು ಕೊಳೆಯಿಸಿ, ಅದರೊಳಗಿನ ಸಿಲಿಕಾ ಮತ್ತು ಸುಣ್ಣದಂಶವನ್ನು ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಮೇಲ್ಪದರದಲ್ಲಿ ಉಳಿಸಿದೆ. ಅದೇ ಗಟ್ಟಿಯಾಗಿ ಜಂಬಿಟ್ಟಿಗೆಯಾಗಿದೆ. ಅದರ ಕೆಳಗಿರುವುದು ಬಿಳಿ, ಗುಲಾಬಿ, ಹಳದಿ ಬಣ್ಣಗಳು ಬೆರೆತ ನುಣುಪಾದ ಶೇಡಿ ಮಣ್ಣು. ಈ ಪದರ ಒಣಗಿದ್ದಾಗ ಹಾರೆಗೂ ಜಗ್ಗದಷ್ಟು ಗಟ್ಟಿ. ನೀರು ಕುಡಿದಾಗ ತನ್ನ ಬಲದ ಬಹುಭಾಗವನ್ನು ಕಳೆದುಕೊಳ್ಳುತ್ತದೆ. ಅದರ ಕೆಳಗೆ ಅರೆಕೊಳೆತ ಬಂಡೆ, ಆಮೇಲೆ ಗಟ್ಟಿ ಬಂಡೆ. ಮನೆಯ ಭಾರ ಜಂಬಿಟ್ಟಿಗೆಯ ಮೇಲೆ ನಿಂತರೂ, ಇಳಿಜಾರಿನ ಭವಿಷ್ಯವನ್ನು ನಿರ್ಧರಿಸುವುದು ಅದರಡಿಯ ಈ ಶೇಡಿ ಮತ್ತು ಅದರೊಳಗೆ ಹರಿಯುವ ನೀರು.

ಒಂದು ಸಣ್ಣ ಪ್ರಯೋಗವನ್ನು ತಾವೇ ಮಾಡಬಹುದು. ಹತ್ತಿರದಲ್ಲಿ ಕಡಿದ ಧರೆಯೊಂದರಿಂದ ಶೇಡಿಯ ಒಣ ಹೆಂಟೆಯನ್ನು ತಂದು, ಗಾಜಿನ ಲೋಟದ ನೀರಿನಲ್ಲಿ ಅಲುಗಾಡಿಸದೆ ಇಳಿಬಿಡಿ. ಮೊದಲು ಅದರ ಮೈಯಿಂದ ಗಾಳಿಯ ಗುಳ್ಳೆಗಳು ಏಳುತ್ತವೆ, ಅಂಚುಗಳು ಪದರ ಪದರವಾಗಿ ಕಳಚುತ್ತವೆ, ಬಳಿಕ ಹೆಂಟೆಯೇ ಕುಸಿದು ಲೋಟದ ತಳದಲ್ಲಿ ಹರಡಿಕೊಳ್ಳುತ್ತದೆ. ಜಂಬಿಟ್ಟಿಗೆಯ ತುಣುಕನ್ನು ಇನ್ನೊಂದು ಲೋಟದಲ್ಲಿಟ್ಟು ಹೋಲಿಸಿ ನೋಡಿ, ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಇದು ಪ್ರಯೋಗಾಲಯದ ಪರೀಕ್ಷೆಗೆ ಬದಲಿಯಲ್ಲ, ಆದರೆ ಮನೆಯವರಿಗೆಲ್ಲ ವಿಷಯ ಮನವರಿಕೆಯಾಗಲು ಇದಕ್ಕಿಂತ ಸುಲಭದ ದಾರಿ ನನಗೆ ತಿಳಿದಿಲ್ಲ.

ಈಗ ತಮ್ಮ ಪ್ರಶ್ನೆಗೆ ಬರುತ್ತೇನೆ. ತಳಪಾಯಕ್ಕಾಗಿ ನೆಲದಡಿಯ ತನಿಖೆ ನಡೆಸುವ ಭಾರತೀಯ ಮಾನಕ ಐಎಸ್ 1892. ಸುಮಾರು 0.4 ಹೆಕ್ಟೇರಿನ, ಅಂದರೆ ಒಂದು ಎಕರೆಯ ಕಟ್ಟಡದ ಜಾಗಕ್ಕೆ ನಾಲ್ಕು ಮೂಲೆಗಳಲ್ಲಿ ಒಂದೊಂದು, ನಡುವೆ ಒಂದು ಬೋರ್‌ಹೋಲ್ ಅಥವಾ ಗುಂಡಿ ಸಾಕೆಂಬುದು ಅದರ ಸಾಮಾನ್ಯ ಸಲಹೆ. ಐದು ಎಕರೆಗೆ ಅದನ್ನೇ ಗುಣಿಸಿ ಇಪ್ಪತ್ತೈದು ಕೊರೆಯಬೇಕೆಂದು ನಾನು ಹೇಳುವುದಿಲ್ಲ. ತಮ್ಮ ಜಾಗಕ್ಕೆ ನಾನು ಆರು ಬೋರ್‌ಹೋಲ್‌ಗಳನ್ನು ಸೂಚಿಸುತ್ತೇನೆ: ಮೇಲಿನಿಂದ ಕೆಳಕ್ಕೆ ಇಳಿಜಾರಿನ ಉದ್ದಕ್ಕೆ ಎರಡು ಸಾಲು, ಒಂದೊಂದರಲ್ಲಿ ಮೂರು. ಅವುಗಳ ನಡುವೆ ಜೆಸಿಬಿಯಿಂದ ಮೂರು ಮೀಟರ್ ಆಳದ ಹತ್ತು ಹನ್ನೆರಡು ಗುಂಡಿಗಳನ್ನು ತೆಗೆಸಿದರೆ ಪದರಗಳನ್ನು ಕಣ್ಣಾರೆ ನೋಡಬಹುದು. ಪಕ್ಕದ ಮಣ್ಣು ಜಾರುವ ಅಪಾಯವಿರುವುದರಿಂದ ಆಸರೆ ಕೊಡದ ಆಳದ ಗುಂಡಿಯೊಳಗೆ ಯಾರನ್ನೂ ಇಳಿಸಬೇಡಿ. ಬಕೆಟ್ಟಿನಲ್ಲಿ ಬಂದ ಮಣ್ಣನ್ನು ಮೇಲೆಯೇ ಪರಿಶೀಲಿಸಿದರಾಯಿತು.

ಆಳದ ವಿಚಾರದಲ್ಲಿ, ಪಾಯದ ತಳದಿಂದ ಕೆಳಕ್ಕೆ ಪಾಯದ ಅಗಲದ ಒಂದೂವರೆ ಪಟ್ಟು ಎಂಬ ಲೆಕ್ಕ ಸಮತಟ್ಟು ಜಾಗದ ಸಣ್ಣ ಮನೆಗೆ ಸಾಕಾಗಬಹುದು. ಇಳಿಜಾರಿನಲ್ಲಿ ಜಂಬಿಟ್ಟಿಗೆಯನ್ನು ದಾಟಿ, ಶೇಡಿಯನ್ನು ದಾಟಿ, ಬಂಡೆಯನ್ನು ಮುಟ್ಟಲೇಬೇಕು. ಗಟ್ಟಿ ಪದರ ಬಂದಾಗ ರೋಟರಿ ಯಂತ್ರದಿಂದ ಕೊರೆದು ಮುಂದುವರಿಯಬೇಕು. ಇನ್ನೊಂದು ಎಚ್ಚರಿಕೆ: ಕೊಳೆತ ಮಣ್ಣಿನ ನಡುವೆ ಕೊಳೆಯದೆ ಉಳಿದ ದೊಡ್ಡ ಗುಂಡುಕಲ್ಲುಗಳು ನಮ್ಮಲ್ಲಿ ಸಾಮಾನ್ಯ. ಅವುಗಳನ್ನು ತಳಬಂಡೆ ಎಂದು ತಪ್ಪು ತಿಳಿಯದಿರಲು ಕಲ್ಲು ಸಿಕ್ಕ ಮೇಲೂ ಮೂರು ಮೀಟರ್ ಕೊರೆದು, ಹೊರಬಂದ ಕಲ್ಲಿನ ಕೋರ್‌ಗಳನ್ನು (ಕೋಲಿನಂಥ ತುಂಡುಗಳನ್ನು) ಪೆಟ್ಟಿಗೆಯಲ್ಲಿ ಕ್ರಮವಾಗಿ ಜೋಡಿಸಿಡಲು ಹೇಳಿ.

ಸುತ್ತಿಗೆಯ ಪರೀಕ್ಷೆಯಲ್ಲಿ 63.5 ಕಿಲೋ ತೂಕವನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಕೊಳವೆ 45 ಸೆಂಟಿಮೀಟರ್ ಇಳಿಯಬೇಕು. ಮೊದಲ 15 ಬಿಟ್ಟು ಉಳಿದ 30 ಸೆಂಟಿಮೀಟರಿಗೆ ಬಿದ್ದ ಪೆಟ್ಟುಗಳ ಸಂಖ್ಯೆಯೇ ಎನ್ ಮೌಲ್ಯ, ಅಂದರೆ ನೆಲದ ಗಟ್ಟಿತನದ ಅಳತೆ. ಬೇಸಗೆಯಲ್ಲಿ ಒಣ ಶೇಡಿಯ ಮೇಲೆ ಬರುವ ದೊಡ್ಡ ಎನ್ ಮೌಲ್ಯವನ್ನು ನೆಚ್ಚಬೇಡಿ. ಕೆಡದಂತೆ ಮೇಲೆತ್ತಿದ ಮಾದರಿಯನ್ನು ನೀರಿನಲ್ಲಿ ಪೂರ್ತಿ ನೆನೆಸಿದ ಸ್ಥಿತಿಯಲ್ಲೇ ಪರೀಕ್ಷಿಸಿ ಬಲ ಎಷ್ಟೆಂದು ವರದಿಯಲ್ಲಿ ಬರೆಯಬೇಕೆಂದು ಕೆಲಸ ಒಪ್ಪಿಸುವ ಪತ್ರದಲ್ಲೇ ನಮೂದಿಸಿ.

ಬಸಿಗಾಲುವೆ

ನಾನು ಎಂಜಿನಿಯರ್ ಅಲ್ಲ, ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಯಂತ್ರ ತರಿಸುವ ಮೊದಲು ಖರ್ಚಿಲ್ಲದೆ ಆಗುವ ಕೆಲವು ಕೆಲಸಗಳಿವೆ ಎಂಬುದನ್ನು ಸೇರಿಸಲು ಬರೆಯುತ್ತಿದ್ದೇನೆ.

ಸುತ್ತಮುತ್ತಲಿನ ತೆರೆದ ಬಾವಿಗಳನ್ನು ಬಗ್ಗಿ ನೋಡಿ. ಕಲ್ಲು ಕಟ್ಟದ ಬಾವಿಯಾದರೆ ಗೋಡೆಯಲ್ಲಿ ಎಷ್ಟು ಅಡಿಗೆ ಜಂಬಿಟ್ಟಿಗೆ ಮುಗಿದು ಶೇಡಿ ಶುರುವಾಗಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಕಟ್ಟಿದ ಬಾವಿಯಾದರೆ ಅದನ್ನು ತೋಡಿದವರನ್ನು ಹುಡುಕಿ ಕೇಳಿ. ಪುಷ್ಯ, ಆಶ್ಲೇಷ ಮಳೆಯ ಹೊತ್ತಿಗೆ ನೀರು ಎಷ್ಟು ಅಡಿಗೆ ಏರುತ್ತದೆ ಎಂಬುದನ್ನು ಬಾವಿಯ ಮನೆಯವರು ಅಂದಾಜಿಲ್ಲದೆ ಹೇಳುತ್ತಾರೆ. ಅದೇ ಕಾಲದಲ್ಲಿ ಜಮೀನಿನ ತುಂಬ ನಡೆದು, ಎಲ್ಲೆಲ್ಲಿ ಒರತೆ ಒಡೆದಿದೆ ಎಂದು ಗೂಟ ನೆಟ್ಟು ಗುರುತು ಮಾಡಿ. ಒರತೆಯ ನೀರು ತಿಳಿಯಾಗಿದೆಯೋ, ಮಣ್ಣು ಕಲಸಿಕೊಂಡು ಬರುತ್ತಿದೆಯೋ ಎಂಬುದನ್ನು ವಿಶೇಷವಾಗಿ ಗಮನಿಸಿ.

ಕೆಳಗಿನ ಗದ್ದೆಗೆ ಮೇಲಿನಿಂದ ನೀರು ಬರುತ್ತಿದ್ದ ಹಳೆಯ ಕಾಲುವೆ, ಬದು, ಅಗಳಗಳನ್ನು ಹಿರಿಯರಿಂದ ಕೇಳಿ ತಿಳಿದುಕೊಂಡು ನಕ್ಷೆಯಲ್ಲಿ ಬರೆಸಿ. ಜಂಬಿಟ್ಟಿಗೆ ಕಡಿದು ತೆಗೆದ ಹೊಂಡಗಳನ್ನು ಕಸ, ಮಣ್ಣು ತುಂಬಿ ಮಟ್ಟ ಮಾಡಿರುವುದು ನಮ್ಮ ಕಡೆ ಅಪರೂಪವಲ್ಲ. ಅಂಥ ಜಾಗದ ಮೇಲೆ ಹುಲ್ಲು ಬೆಳೆದ ಮೇಲೆ ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ.

ತುಂಗಾತೀರ

ಇಬ್ಬರಿಗೂ ಧನ್ಯವಾದಗಳು. ಮೇಲಿನ ಮೂಲೆಯಲ್ಲಿ ಹಿಂದೆ ಮನೆ ಕಟ್ಟಲು ಕಲ್ಲು ತೆಗೆದಿದ್ದುಂಟು ಎಂದು ಚಿಕ್ಕಪ್ಪ ಈಗ ನೆನಪಿಸಿಕೊಂಡರು. ಎರಡು ಸಂದೇಹಗಳು ಉಳಿದಿವೆ. ಪ್ಲೇಟ್ ಲೋಡ್ ಪರೀಕ್ಷೆ ಮಾಡಿಸಿದರೆ ಇಷ್ಟೆಲ್ಲ ಕೊರೆಯುವ ಅಗತ್ಯವಿಲ್ಲ ಎಂದು ಒಬ್ಬರು ಹೇಳುತ್ತಿದ್ದಾರೆ. ನೀರಿಗಾಗಿ ಹೇಗೂ ಬೋರ್‌ವೆಲ್ ಕೊರೆಸುವುದರಿಂದ ಅದರ ಮಣ್ಣನ್ನೇ ನೋಡಬಹುದು ಎಂಬುದು ಇನ್ನೊಬ್ಬರ ಸಲಹೆ.

ಮಣ್ಣಿನ ಎಂಜಿನಿಯರ್, ಸಾಗರ

ಪ್ಲೇಟ್ ಲೋಡ್ ಪರೀಕ್ಷೆಯಲ್ಲಿ ಉಕ್ಕಿನ ಹಲಗೆಯೊಂದರ ಮೇಲೆ ಭಾರ ಹೇರಿ ಅದು ಎಷ್ಟು ಕುಸಿಯುತ್ತದೆ ಎಂದು ಅಳೆಯುತ್ತಾರೆ. ಆ ಭಾರದ ಪ್ರಭಾವ ಹಲಗೆಯ ಅಗಲದ ಸುಮಾರು ಎರಡು ಪಟ್ಟು ಆಳದವರೆಗೆ ಮಾತ್ರ ಇಳಿಯುತ್ತದೆ. 60 ಸೆಂಟಿಮೀಟರಿನ ಹಲಗೆ ತಮ್ಮ ಜಂಬಿಟ್ಟಿಗೆಯ ಮೇಲೆ ಕುಳಿತರೆ ಮೇಲಿನ ಸುಮಾರು ಒಂದೂಕಾಲು ಮೀಟರಿನ ಬಗ್ಗೆ ಉತ್ತಮ ಫಲಿತಾಂಶ ಕೊಡುತ್ತದೆ, ಕೆಳಗಿನ ಶೇಡಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಪರೀಕ್ಷೆ ತಪ್ಪಲ್ಲ, ತಮ್ಮ ಪ್ರಶ್ನೆಗೆ ಅದು ಉತ್ತರವಲ್ಲ.

ಬೋರ್‌ವೆಲ್ಲಿನ ಯಂತ್ರ ಗಾಳಿಯ ಒತ್ತಡದಿಂದ ಪುಡಿಯನ್ನು ಮೇಲಕ್ಕೆ ಎಸೆಯುತ್ತದೆ. ಹಲವು ಆಳಗಳ ಮಣ್ಣು ಬೆರೆತು ಬರುವುದರಿಂದ ತೆಳುವಾದ ಮೆತ್ತನೆಯ ಪದರ ಅದರಲ್ಲಿ ಕಳೆದುಹೋಗುತ್ತದೆ. ಬಂಡೆ ಎಷ್ಟು ಅಡಿಗೆ ಬಂತು, ಕೇಸಿಂಗ್ ಎಷ್ಟು ಇಳಿಸಿದರು ಎಂಬ ಮಾಹಿತಿ ಉಪಯುಕ್ತ. ಅದನ್ನು ಬರೆದಿಟ್ಟುಕೊಳ್ಳಿ, ಅಷ್ಟೆ.

ಕೆಲವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕುಸಿತ ಸಾಧ್ಯತೆಯ ನಕ್ಷೆ ನೋಡಿ ನಿಶ್ಚಿಂತರಾಗುತ್ತಾರೆ. ನೋಡುವುದು ಒಳ್ಳೆಯದು. ಆದರೆ ಅದು 1:50,000 ಪ್ರಮಾಣದ ನಕ್ಷೆ. ತಮ್ಮ ಐದು ಎಕರೆ ಅದರಲ್ಲಿ ಮೂರು ಮಿಲಿಮೀಟರ್ ಅಗಲವೂ ಆಗುವುದಿಲ್ಲ. ಸುತ್ತಲಿನ ಪ್ರದೇಶದ ಸ್ವಭಾವವನ್ನು ಅದು ತಿಳಿಸುತ್ತದೆ, ಒಂದು ಧರೆಯ ಸ್ಥಿತಿಯನ್ನಲ್ಲ.

ತುಂಬಿದ ಹೊಂಡದ ವಿಷಯ ತಿಳಿಸಿದ್ದು ಒಳ್ಳೆಯದಾಯಿತು. ಆ ಮೂಲೆಯಲ್ಲಿ ನೆಲಕ್ಕೆ ವಿದ್ಯುತ್ ಹಾಯಿಸಿ ಪದರಗಳ ವ್ಯತ್ಯಾಸ ಅಳೆಯುವ ವಿದ್ಯುತ್ ನಿರೋಧಕತೆಯ ಸಮೀಕ್ಷೆ ಮಾಡಿಸಿ, ಹೊಂಡದ ಅಂಚು ಎಲ್ಲಿದೆ ಎಂದು ಅಂದಾಜು ಮಾಡಿ, ಅದರ ಆಧಾರದ ಮೇಲೆ ಗುಂಡಿಗಳ ಜಾಗ ನಿರ್ಧರಿಸಿ. ಕೊರೆದ ಬೋರ್‌ಹೋಲ್‌ಗಳ ಪೈಕಿ ಕನಿಷ್ಠ ಎರಡನ್ನು ಮುಚ್ಚದೆ, ತೂತು ಕೊರೆದ ಪಿವಿಸಿ ಪೈಪನ್ನು ಇಳಿಸಿ, ಸುತ್ತ ಸಣ್ಣ ಜಲ್ಲಿ ತುಂಬಿಸಿ, ಬಾಯಿಗೆ ಮುಚ್ಚಳ ಹಾಕಿಡಿ. ಏಪ್ರಿಲ್‌ನಲ್ಲಿ ಕೊರೆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ನೀರಿನ ಮಟ್ಟವನ್ನು ಅಳತೆ ಟೇಪಿನಿಂದ ನೋಡಿ ಬರೆದರೆ, ಒಂದು ಮಳೆಗಾಲದ ಆ ಪುಸ್ತಕ ಯಾವ ವರದಿಗೂ ಕಡಿಮೆಯಲ್ಲ.

ನಕ್ಷೆಗಾರ, ಶಿವಮೊಗ್ಗ

ಮಣ್ಣಿನ ವರದಿ ಬರುವ ಮೊದಲು ಬಡಾವಣೆಯ ನಕ್ಷೆಯನ್ನು ಅಂತಿಮಗೊಳಿಸಬೇಡಿ ಎಂಬುದು ನನ್ನ ವಿನಂತಿ. ನಿವೇಶನ ಕೊಂಡವರೇ ಪರೀಕ್ಷೆ ಮಾಡಿಸಿಕೊಳ್ಳಲಿ ಎಂಬ ವಾದ ನಿಲ್ಲದಿರುವುದು ಇದೇ ಕಾರಣಕ್ಕೆ. ಮೂವತ್ತು ನಲವತ್ತಡಿಯ ಸೈಟಿನ ಮಾಲೀಕರು ತಮ್ಮ ಪಾಯವನ್ನು ಸರಿಪಡಿಸಿಕೊಳ್ಳಬಹುದು. ಇಡೀ ಗುಡ್ಡದ ಕಡಿತ, ರಸ್ತೆಯ ಎತ್ತರ, ಚರಂಡಿಯ ದಿಕ್ಕು ಅವರ ಕೈಯಲ್ಲಿರುವುದಿಲ್ಲ.

ಇಳಿಜಾರಿನಲ್ಲಿ ಸೈಟುಗಳನ್ನು ಮೆಟ್ಟಿಲಾಗಿಸುವಾಗ ಹಿಂದಿನ ಅರ್ಧವನ್ನು ಕಡಿದು ಆ ಮಣ್ಣನ್ನು ಮುಂದಿನ ಅರ್ಧಕ್ಕೆ ತುಂಬುತ್ತಾರೆ. ಆಗ ಒಂದೇ ಮನೆಯ ಹಿಂಭಾಗ ಮೂಲ ನೆಲದ ಮೇಲೆ, ಮುಂಭಾಗ ತುಂಬಿದ ಮಣ್ಣಿನ ಮೇಲೆ ನಿಂತು, ಕೆಲವೇ ಮಳೆಗಾಲಗಳಲ್ಲಿ ಗೋಡೆಯಲ್ಲಿ ಓರೆ ಬಿರುಕು ಕಾಣಿಸುತ್ತದೆ. ತುಂಬಲೇಬೇಕಾದರೆ 20ರಿಂದ 30 ಸೆಂಟಿಮೀಟರ್ ಪದರಗಳಲ್ಲಿ ಹರಡಿ, ತೇವ ಹದವಾಗಿಟ್ಟು, ರೋಲರ್ ಓಡಿಸಿ, ಪ್ರಾಕ್ಟರ್ ಸಾಂದ್ರತೆಯ (ಪ್ರಯೋಗಾಲಯದಲ್ಲಿ ಅದೇ ಮಣ್ಣನ್ನು ಒತ್ತಿದಾಗ ಸಿಗುವ ಗರಿಷ್ಠ ಸಾಂದ್ರತೆಯ) ಶೇಕಡಾ 95 ಬಂದಿದೆಯೇ ಎಂದು ಪ್ರತಿ ಪದರದಲ್ಲೂ ಪರೀಕ್ಷಿಸಿ ದಾಖಲೆ ಇಡಬೇಕು. ಶೇಡಿಯನ್ನು ತುಂಬುವ ಮಣ್ಣಾಗಿ ಬಳಸಬೇಡಿ. ತಡೆಗೋಡೆಯ ಹಿಂದೆ ಜಲ್ಲಿಯ ಪದರ, ಗೋಡೆಯಲ್ಲಿ ನೀರು ಹೊರಬಿಡುವ ಕೊಳವೆಗಳು ಇಲ್ಲದಿದ್ದರೆ ಗೋಡೆ ಎಷ್ಟೇ ದಪ್ಪವಿದ್ದರೂ ನೀರಿನ ಒತ್ತಡ ಅದನ್ನು ತಳ್ಳುತ್ತದೆ.

ಬಹುತೇಕರು ಮರೆಯುವ ಸಂಗತಿಯೊಂದಿದೆ. ಒಳಚರಂಡಿ ಇಲ್ಲದ ಕಡೆ ಪ್ರತಿ ಮನೆಯೂ ಇಂಗುಗುಂಡಿ ತೋಡುತ್ತದೆ. ಮೇಲಿನ ಸಾಲಿನ ಇಪ್ಪತ್ತು ಮನೆಗಳ ನೀರು ದಿನವೂ ಜಂಬಿಟ್ಟಿಗೆಯ ತೂತುಗಳಿಂದ ಇಳಿದು ಶೇಡಿಯನ್ನು ಬೇಸಗೆಯಲ್ಲೂ ಒದ್ದೆಯಾಗಿಡುತ್ತದೆ. ಆದ್ದರಿಂದ ನೀರು ಎಷ್ಟು ವೇಗವಾಗಿ ಇಂಗುತ್ತದೆ, ಇಂಗಿದ್ದು ಎಲ್ಲಿಗೆ ಹೋಗುತ್ತದೆ ಎಂಬ ಪರೀಕ್ಷೆಯನ್ನೂ ಇದೇ ತನಿಖೆಯಲ್ಲಿ ಸೇರಿಸಿ. ಉತ್ತರ ಒಳ್ಳೆಯದಿಲ್ಲದಿದ್ದರೆ ಎಲ್ಲ ಮನೆಗಳ ಕೊಳಚೆ ನೀರನ್ನು ಪೈಪಿನಲ್ಲಿ ಕೆಳಕ್ಕೆ ತಂದು ಒಂದೇ ಕಡೆ ಶುದ್ಧೀಕರಿಸುವ ಯೋಜನೆ ಮಾಡಬೇಕಾಗುತ್ತದೆ.

ಉದ್ಯಾನಕ್ಕೆ ಬಿಡಲೇಬೇಕಾದ ಜಾಗವನ್ನು ಒರತೆ ಏಳುವ ಗದ್ದೆಯ ಭಾಗದಲ್ಲಿಡಿ. ಹಳೆಯ ಕಾಲುವೆಯನ್ನು ಮುಚ್ಚದೆ, ಅದರ ದಾರಿಯಲ್ಲೇ ಮುಖ್ಯ ಚರಂಡಿ ಕಟ್ಟಿ.

ಎರೆಹೊಲ

ಶಿಕಾರಿಪುರ ಕಡೆಯ ಎರೆಮಣ್ಣಿನ ಹೊಲದಲ್ಲಿ ಸೈಟು ಮಾಡುವವರೂ ಇದನ್ನು ಓದುತ್ತಿರಬಹುದು. ಅಲ್ಲಿನ ತೊಂದರೆ ಬೇರೆ: ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಉಬ್ಬುವ ಸೂಚ್ಯಂಕವನ್ನು ಪ್ರಯೋಗಾಲಯದಲ್ಲಿ ಅಳೆಸಿ; ಶೇಕಡಾ 50 ಮೀರಿದರೆ ಸಾಮಾನ್ಯ ಪಾಯದ ಯೋಚನೆ ಬಿಟ್ಟು ವಿನ್ಯಾಸಕಾರರನ್ನು ಕೇಳಿ.

ತುಂಗಾತೀರ

ನಕ್ಷೆಯ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಲು ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ. ಕೊನೆಯದಾಗಿ ಒಂದು ಪ್ರಶ್ನೆ: ವರದಿಯಲ್ಲಿ ಕೆಲವು ಸೈಟುಗಳ ನೆಲ ದುರ್ಬಲವೆಂದು ಬಂದರೆ ಅದನ್ನು ಕೊಳ್ಳುವವರಿಗೆ ತೋರಿಸಬೇಕೇ? ಬೆಲೆ ಬೀಳುತ್ತದೆ ಎಂದು ತಮ್ಮ ಹೆದರುತ್ತಿದ್ದಾನೆ.

ನಕ್ಷೆಗಾರ, ಶಿವಮೊಗ್ಗ

ತೋರಿಸಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಐನೂರು ಚದರ ಮೀಟರಿಗಿಂತ ದೊಡ್ಡ ಬಡಾವಣೆಯಾದ್ದರಿಂದ ತಾವು ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಾಯಿಸಬೇಕು. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಾಮಗಾರಿಯಲ್ಲಿ, ಸೇವೆಗಳಲ್ಲಿ ದೋಷ ಕಂಡರೆ ಸರಿಪಡಿಸುವ ಹೊಣೆ 2016ರ ರೇರಾ ಕಾಯ್ದೆಯಂತೆ ಬಡಾವಣೆ ಮಾಡಿದವರದ್ದು. ಕಾನೂನನ್ನು ಬದಿಗಿಟ್ಟರೂ, ಆ ಸೈಟಿನಲ್ಲಿ ಮಕ್ಕಳುಮರಿಗಳೊಂದಿಗೆ ಮಲಗುವವರು ಅವರು. ಪ್ರತಿ ಬೋರ್‌ಹೋಲಿನ ಸಂಖ್ಯೆ, ನೆಲಮಟ್ಟ, ಕೊರೆದ ತಿಂಗಳು, ನೀರು ಸಿಕ್ಕ ಆಳ ಇವಿಷ್ಟನ್ನು ಸೈಟುಗಳ ನಕ್ಷೆಯ ಮೇಲೆಯೇ ಗುರುತಿಸಿ, ಕ್ರಯಪತ್ರದ ಜೊತೆ ಒಂದು ಪ್ರತಿ ಕೊಡಿ. ದುರ್ಬಲವೆಂದು ಬಂದ ಸೈಟುಗಳನ್ನು ಎರಡು ಮೂರು ಸೇರಿಸಿ ದೊಡ್ಡದಾಗಿಸಿ, ಮನೆ ಕಟ್ಟಬಹುದಾದ ಗಟ್ಟಿ ಭಾಗವನ್ನು ಗೆರೆ ಹಾಕಿ ತೋರಿಸಿದರೆ ತಮ್ಮನವರ ಚಿಂತೆಗೂ ಸ್ವಲ್ಪ ಪರಿಹಾರ ಸಿಕ್ಕೀತು.