ಹೊರಗಿನಿಂದ ಯುವಕರು ಬಂದರೆ ದೇಶದ ವಯಸ್ಸು ಇಳಿಯುತ್ತಾ?

ಪ್ರಶ್ನೆ: ಮೇಡಂ, ನೀವು ಜನಸಂಖ್ಯೆ ಬಗ್ಗೆ ಅಧ್ಯಯನ ಮಾಡುವವರು, ಅದಕ್ಕೇ ಕೇಳ್ತಿದ್ದೇನೆ. ಮಕ್ಕಳು ಕಮ್ಮಿ, ವಯಸ್ಸಾದವರು ಜಾಸ್ತಿ ಆಗಿರುವ ದೇಶಗಳು ಹೊರಗಿನಿಂದ ಯುವಕರನ್ನು ಕರೆಸಿಕೊಂಡರೆ ಮುಗಿಯಿತಲ್ವಾ? ಇಷ್ಟೊಂದು ಚರ್ಚೆ ಯಾಕೆ?

ಉತ್ತರ: ಮುಗಿಯಲ್ಲ ಸರ್. ಬಂದವರಿಗೂ ವಯಸ್ಸಾಗುತ್ತದೆ! 25ಕ್ಕೆ ಬಂದವರು 40 ವರ್ಷ ಕಳೆದರೆ ತಾವೇ ಪಿಂಚಣಿ ಎದುರು ನೋಡುತ್ತಿರುತ್ತಾರೆ, ಆಗ ಅವರ ಪಿಂಚಣಿಗೆ ದುಡಿಯಲು ಇನ್ನಷ್ಟು ಜನ ಬೇಕು. ವಿಶ್ವಸಂಸ್ಥೆ 2000ದಲ್ಲಿ ಇದನ್ನೇ ಲೆಕ್ಕ ಹಾಕಿತ್ತು. ಒಬ್ಬ ವೃದ್ಧರಿಗೆ ದುಡಿಯುವ ವಯಸ್ಸಿನವರು ಎಷ್ಟು ಮಂದಿ ಅನ್ನುವ ಪ್ರಮಾಣ 2050ರವರೆಗೆ ಇಳಿಯದಂತೆ ನೋಡಿಕೊಳ್ಳಲು ದಕ್ಷಿಣ ಕೊರಿಯಾ ಒಂದಕ್ಕೇ 500 ಕೋಟಿಗೂ ಹೆಚ್ಚು ವಲಸಿಗರು ಬೇಕು ಅಂತ ಬಂತು. ಸುಮ್ನೆ ಯೋಚನೆ ಮಾಡಿ, ಆಗ ಇಡೀ ಪ್ರಪಂಚದ ಜನಸಂಖ್ಯೆಯೇ ಸುಮಾರು 600 ಕೋಟಿ. ವಲಸೆಯಿಂದ ಲಾಭ ಇಲ್ಲ ಅಂತಲ್ಲ, ದುಡಿಯುವ ಕೈ ಸಿಗುತ್ತದೆ, ತೆರಿಗೆ ಬರುತ್ತದೆ, ವಯಸ್ಸಾಗುವ ವೇಗ ಸ್ವಲ್ಪ ತಗ್ಗುತ್ತದೆ. ಅಷ್ಟೇ.

ಬಿಟ್ಟು ಬಂದ ದೇಶದ ಕಥೆ ಯಾರೂ ಕೇಳಲ್ಲ. ಬಲ್ಗೇರಿಯಾದಲ್ಲಿ 1980ರ ದಶಕದ ಕೊನೆಗೆ ಸುಮಾರು 90 ಲಕ್ಷ ಜನ ಇದ್ದರು. 2021ರ ಜನಗಣತಿಯಲ್ಲಿ 65 ಲಕ್ಷ. ಜನನ ಕಮ್ಮಿಯಾದದ್ದೂ ಹೌದು, ಆದರೆ ಹೊರಟವರಲ್ಲಿ ಬಹುಪಾಲು ಹರೆಯದ ಹುಡುಗ ಹುಡುಗಿಯರು. ಅವರ ಜತೆ, ಅವರಿಗೆ ಹುಟ್ಟಬೇಕಿದ್ದ ಮಕ್ಕಳೂ ಹೋದಂತೆ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಾನೇ 30 ವರ್ಷದಿಂದ ಹೊರದೇಶದಲ್ಲಿದ್ದೇನೆ. ಈಗ 58. ಮೊದಲು ಏನು ನೋಡಿಕೊಳ್ಳಲಿ?

ಉತ್ತರ: ಪಿಂಚಣಿ ಕಾಗದ. ಎರಡೂ ದೇಶದಲ್ಲಿ ದುಡಿದ ವರ್ಷಗಳನ್ನು ಒಟ್ಟು ಸೇರಿಸಿ ಎಣಿಸುವ ಒಪ್ಪಂದ ಇದೆಯಾ ಅಂತ ವಿಚಾರಿಸಿ. ಎಲ್ಲ ದೇಶಗಳ ನಡುವೆ ಇರಲ್ಲ. ಕೆಲಸ ಬಿಡುವ ಮೊದಲೇ ಕೇಳಿ, ಕೆಲವು ಕಡೆ ಒಂದೆರಡು ವರ್ಷ ಕಮ್ಮಿ ಬಿದ್ದರೂ ಕೈಗೆ ಏನೂ ಬರಲ್ಲ.

ಇನ್ನೊಂದು, ಭಾಷೆ. ನಗಬೇಡಿ. ಮರೆವಿನ ಕಾಯಿಲೆ ಬಂದರೆ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ಬಾಲ್ಯದ ಮಾತು ಉಳಿಯುವುದುಂಟು. ಅಧ್ಯಯನಕ್ಕೆ ಹೋದ ವೃದ್ಧಾಶ್ರಮವೊಂದರಲ್ಲಿ ಒಬ್ಬ ಅಜ್ಜಿ, 40 ವರ್ಷ ಆ ದೇಶದ ಭಾಷೆಯಲ್ಲೇ ಅಂಗಡಿ ನಡೆಸಿದವರು, ತಮ್ಮ ತಾಯ್ನುಡಿಯಲ್ಲಿ ನೀರು ಕೇಳುತ್ತಲೇ ಇದ್ದರು. ನೋಡಿಕೊಳ್ಳುತ್ತಿದ್ದ ಹುಡುಗಿಯೂ ವಲಸೆ ಬಂದವಳೇ, ಬೇರೆ ದೇಶದಿಂದ. ಪಾಪ, ಅವಳು ಮತ್ತೆ ಮತ್ತೆ ಕಂಬಳಿ ತಂದು ಹೊದಿಸುತ್ತಿದ್ದಳು. ಕೊನೆಗೆ ಅಜ್ಜಿಯ ಮಗ ನೀರು, ನೋವು, ಚಳಿ, ಬಾತ್‌ರೂಮು ಅನ್ನುವುದಕ್ಕೆ ಅಜ್ಜಿಯ ನುಡಿಯಲ್ಲಿರುವ ನಾಲ್ಕು ಪದಗಳನ್ನು ಆ ಹುಡುಗಿಯ ಲಿಪಿಯಲ್ಲೇ ಬರೆಸಿ ಮಂಚದ ತಲೆಗಡೆ ಅಂಟಿಸಿದರು.